ಬಡಾವಣೆಯ ಆಟದ ಮೈದಾನವನ್ನು ಖಾಸಗಿ ತರಬೇತಿಗೆ ಬಿಟ್ಟುಕೊಡುವ ಅಧಿಕಾರ ಯಾರದು, ಅದರ ಮೇಲೆ ಕಣ್ಣಿಡಬೇಕಾದವರು ಯಾರು?

ಪ್ರಶ್ನೆ
ಮೈದಾನದ ಎದುರು ಮನೆಯವರು, ಚಿಕ್ಕಮಗಳೂರು

ಮಾನ್ಯರೇ,

ನಮ್ಮದು ನಗರಾಭಿವೃದ್ಧಿ ಪ್ರಾಧಿಕಾರವು ರಚಿಸಿ, ಆನಂತರ ನಗರಸಭೆಗೆ ಹಸ್ತಾಂತರಿಸಿದ ಬಡಾವಣೆ. ಅದರ ನಡುವೆ ಸುಮಾರು ಎರಡು ಎಕರೆಯ ಆಟದ ಮೈದಾನವಿದೆ. ಬೆಳಿಗ್ಗೆ ಹಿರಿಯರು ನಡೆಯುತ್ತಿದ್ದರು, ಸಂಜೆ ಮಕ್ಕಳು ಒಂದು ಮೂಲೆಯಲ್ಲಿ ವಾಲಿಬಾಲ್, ಇನ್ನೊಂದು ಮೂಲೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಳ್ಳುತ್ತಿದ್ದರು, ಯಾರೂ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಒಂದೂವರೆ ವರ್ಷದಿಂದ ಖಾಸಗಿ ಕ್ರಿಕೆಟ್ ತರಬೇತಿ ಕೇಂದ್ರವೊಂದು ಅಲ್ಲಿ ನೆಟ್ ಕಟ್ಟಿದೆ, ಸಾಮಾನು ಇಡಲು ತಗಡಿನ ಕೊಠಡಿ ಹಾಕಿಕೊಂಡಿದೆ. ಈಚೆಗೆ ಗೇಟಿಗೆ ತನ್ನದೇ ಬೀಗವನ್ನೂ ಹಾಕಿದೆ. ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳರವರೆಗೆ ತಿಂಗಳ ಶುಲ್ಕ ಕಟ್ಟಿದ ಮಕ್ಕಳಿಗಷ್ಟೇ ಪ್ರವೇಶ. ವಾಲಿಬಾಲ್ ಆಡುತ್ತಿದ್ದ ಹೆಣ್ಣುಮಕ್ಕಳು ಈಗ ಆಡುತ್ತಿಲ್ಲ. ಅವರು ಬೇರೆ ಎಲ್ಲಿಗೂ ಹೋಗಿಲ್ಲ, ಆಟವನ್ನೇ ಬಿಟ್ಟಿದ್ದಾರೆ.

ಕೇಳಿದರೆ ‘ನಮಗೆ ಪರ್ಮಿಷನ್ ಇದೆ’ ಎನ್ನುತ್ತಾರೆ, ಕಾಗದ ತೋರಿಸುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋದರೆ ಎಂಜಿನಿಯರಿಂಗ್ ಶಾಖೆಯವರು ಕಂದಾಯ ಶಾಖೆಯನ್ನು ತೋರಿಸಿದರು, ಕಂದಾಯ ಶಾಖೆಯವರು ಕ್ರೀಡಾ ಇಲಾಖೆಯನ್ನು ತೋರಿಸಿದರು, ಅಲ್ಲಿನವರು ಬಡಾವಣೆಯ ಮೈದಾನಗಳು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ ನನ್ನನ್ನು ಹೊರಟಲ್ಲಿಗೇ ವಾಪಸು ಕಳುಹಿಸಿದರು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನನ್ನ ಮಗನೂ ಅದೇ ಕೇಂದ್ರದಲ್ಲಿ ಮೂರು ತಿಂಗಳು ಕಲಿತಿದ್ದಾನೆ, ಕಲಿಸುವವರು ಚೆನ್ನಾಗಿಯೇ ಕಲಿಸುತ್ತಾರೆ. ಆದ್ದರಿಂದ ಕೇಂದ್ರವನ್ನು ಮುಚ್ಚಿಸುವುದು ನನ್ನ ಉದ್ದೇಶವಲ್ಲ. ಇಂಥ ಅನುಮತಿಯನ್ನು ಕೊಡುವ ಅಧಿಕಾರ ಯಾರದು, ಕೊಟ್ಟಿದ್ದರೆ ಯಾವ ಷರತ್ತಿನ ಮೇಲೆ ಕೊಟ್ಟಿರಬೇಕು, ಅಲ್ಲಿ ಮಕ್ಕಳಿಗೆ ಕಲಿಸುವವರ ಅರ್ಹತೆಯನ್ನು ಯಾರಾದರೂ ನೋಡುತ್ತಾರೆಯೇ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1
ನಿವೃತ್ತ ಕಂದಾಯ ಶಾಖೆ ನೌಕರ, ಹಾಸನ

ತಾವು ಮೂರು ಮೇಜುಗಳ ನಡುವೆ ಅಲೆದದ್ದನ್ನು ಓದಿ ನಗುವೂ ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಅಂಥದೇ ಒಂದು ಮೇಜಿನ ಹಿಂದೆ ನಾನು ಹಲವು ವರ್ಷ ಕುಳಿತಿದ್ದೆ. ಅಲ್ಲಿ ಕುಳಿತವನಿಗೆ ‘ಇದು ನಮ್ಮದಲ್ಲ’ ಎನ್ನುವುದಕ್ಕಿಂತ ಸುಲಭವಾದ ಉತ್ತರ ಬೇರೊಂದಿಲ್ಲ. ಆದ್ದರಿಂದ ತಾವು ಮೊದಲು ಅನುಮತಿಯ ವಿಷಯವನ್ನು ಬದಿಗಿಟ್ಟು, ಜಾಗ ಯಾರದು ಎಂಬುದನ್ನು ಕಾಗದದಲ್ಲಿ ಖಚಿತಪಡಿಸಿಕೊಳ್ಳಿ.

ಒಂದೇ ಊರಿನಲ್ಲಿ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಮೈದಾನಗಳಿಗೆ ಬೇರೆ ಬೇರೆ ಯಜಮಾನರಿರುತ್ತಾರೆ. ನಮ್ಮ ಹಾಸನಾಂಬ ಕ್ರೀಡಾಂಗಣ, ನಿಮ್ಮ ಸುಭಾಷ್ ಚಂದ್ರ ಬೋಸ್ ಆಟದ ಮೈದಾನದಂಥ ಜಿಲ್ಲಾ ಮಟ್ಟದ ಕ್ರೀಡಾಂಗಣಗಳು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಉಸ್ತುವಾರಿಗೆ ಬರುತ್ತವೆ, ಅಲ್ಲಿ ಜಿಲ್ಲಾಧಿಕಾರಿಯ ಮಾತು ನಡೆಯುತ್ತದೆ. ಸರ್ಕಾರಿ ಶಾಲೆಯ ಬಯಲಾದರೆ ಶಿಕ್ಷಣ ಇಲಾಖೆ ಮತ್ತು ಶಾಲಾಭಿವೃದ್ಧಿ ಸಮಿತಿಯನ್ನು ಕೇಳಬೇಕು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ಆದರೆ ಆ ಬಯಲು ಗೋಮಾಳದಲ್ಲಿದ್ದರೆ ತಹಶೀಲ್ದಾರರ ಕಚೇರಿಯೂ ನಡುವೆ ಬರುತ್ತದೆ. ತಮ್ಮದು ಇವು ಯಾವುವೂ ಅಲ್ಲ. ಪ್ರಾಧಿಕಾರದ ಬಡಾವಣೆಯ ನಕ್ಷೆಯಲ್ಲಿ ‘ಆಟದ ಮೈದಾನ’ ಎಂದು ಗುರುತಿಸಿದ ಜಾಗವು ಹಸ್ತಾಂತರದ ಪತ್ರದೊಂದಿಗೆ ನಗರಸಭೆಯ ಆಸ್ತಿ ವಹಿಗೆ ಸೇರುತ್ತದೆ. ಆ ಕ್ಷಣದಿಂದ ಅದರ ಹೊಣೆ ನಗರಸಭೆಯದೇ. ಕ್ರೀಡಾ ಇಲಾಖೆಯವರು ತಮಗೆ ಹೇಳಿದ್ದು ಆ ಮಟ್ಟಿಗೆ ನಿಜ.

ಸಂವಿಧಾನದ ಲೆಕ್ಕದಲ್ಲೂ ಇದು ಹೀಗೆಯೇ ಇದೆ. ಕ್ರೀಡೆ ಎಂಬುದು ರಾಜ್ಯಪಟ್ಟಿಯ 33ನೆಯ ವಿಷಯ. 1992ರ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆಂದು ಎಣಿಸಿದ 18 ವಿಷಯಗಳ ಪೈಕಿ 12ನೆಯದು ಉದ್ಯಾನ, ತೋಟ, ಆಟದ ಮೈದಾನಗಳಂಥ ಸೌಕರ್ಯಗಳನ್ನು ಒದಗಿಸುವುದು. ಅಂದರೆ ಆಟವನ್ನು ಬೆಳೆಸುವ ಕೆಲಸ ರಾಜ್ಯದ್ದು, ಆಡುವ ನೆಲವನ್ನು ಕಾಯುವ ಕೆಲಸ ಊರಿನದು. ಇವೆರಡರ ನಡುವಿನ ಸಂದಿನಲ್ಲಿ ತಮ್ಮ ಮೈದಾನದಂಥ ಎಷ್ಟೋ ಮೈದಾನಗಳು ಬಿದ್ದಿವೆ.

ಇನ್ನು ಅನುಮತಿ. ಒಂದು ದಿನದ ಪಂದ್ಯಾವಳಿಗೋ ಶಾಲೆಯ ಕ್ರೀಡಾಕೂಟಕ್ಕೋ ಬಾಡಿಗೆ ಕಟ್ಟಿಸಿಕೊಂಡು ಕಚೇರಿಯ ಮಟ್ಟದಲ್ಲೇ ಜಾಗ ಬಿಡುವುದು ರೂಢಿ. ಆದರೆ ತಿಂಗಳುಗಟ್ಟಲೆ ಪ್ರತಿದಿನ ಒಬ್ಬರಿಗೇ ಬಿಟ್ಟುಕೊಡುವುದು ಯಾರೋ ಒಬ್ಬ ಅಧಿಕಾರಿಯ ಅಥವಾ ಸದಸ್ಯರ ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ. ಅದು ವಿಷಯಪಟ್ಟಿಯಲ್ಲಿ ಬಂದು, ಸಭೆಯಲ್ಲಿ ಠರಾವಾಗಿ, ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಡಳಿತಾಧಿಕಾರಿಯ ಆದೇಶವಾದರೂ ಇರಬೇಕು. ಬಾಡಿಗೆ ನಿಗದಿಯಾಗಿದ್ದರೆ ಅದು ಚಲನ್ ಮೂಲಕ ನಗರಸಭೆಯ ಖಾತೆಗೆ ಬಂದಿರಬೇಕು, ವರ್ಷದ ಲೆಕ್ಕಪರಿಶೋಧನೆಯಲ್ಲಿ ಕಾಣಬೇಕು. ಠರಾವೂ ಇಲ್ಲ, ಚಲನ್ನೂ ಇಲ್ಲ ಎಂದಾದರೆ ಅನುಮತಿಯೇ ಇಲ್ಲವೆಂದು ತಿಳಿಯಿರಿ.

ತಾವು ಬರೆದದ್ದರಲ್ಲಿ ನನ್ನ ಗಮನ ಸೆಳೆದದ್ದು ಬೀಗ. ದಿನಕ್ಕೆ ಇಷ್ಟು ಗಂಟೆ ಬಳಸಿಕೊಳ್ಳಿ ಎಂದು ಬಿಡುವುದು ಬೇರೆ, ಜಾಗದ ಸ್ವಾಧೀನವನ್ನೇ ಕೊಡುವುದು ಬೇರೆ. ಮೊದಲನೆಯದು 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಹೇಳಿದ ಬರಿಯ ಪರವಾನಗಿ. ಎರಡನೆಯದು ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ ಗುತ್ತಿಗೆಯ ಕಡೆಗೆ ವಾಲುತ್ತದೆ. ಬೀಗದ ಕೈ ನಗರಸಭೆಯ ಸಿಬ್ಬಂದಿಯ ಬಳಿ ಇದ್ದು, ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚುವ ಏರ್ಪಾಡಿದ್ದರೆ ಅದನ್ನು ಬಳಕೆ ಎನ್ನಬಹುದು. ಬಳಸುವವನ ಜೇಬಿನಲ್ಲೇ ಕೈ ಇದ್ದರೆ, ಮೇಲೆ ತಗಡಿನ ಕೊಠಡಿಯೂ ಎದ್ದಿದ್ದರೆ, ನಾಳೆ ಅವನೇ ‘ಇಷ್ಟು ವರ್ಷದಿಂದ ಜಾಗ ನನ್ನ ವಶದಲ್ಲಿದೆ’ ಎಂದು ವಾದಿಸಲು ದಾರಿಯಾಗುತ್ತದೆ. ಆದ್ದರಿಂದ ತಮ್ಮ ಮೊದಲ ಬೇಡಿಕೆ ಬೀಗದ ಬಗ್ಗೆಯೇ ಇರಲಿ.

ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಒಂದು ಅನುಭವದ ಮಾತು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ‘ಏಕೆ ಕೊಟ್ಟಿರಿ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಆಸ್ತಿ ವಹಿಯ ಸಂಬಂಧಿತ ಪುಟ, ಬಳಕೆಗೆ ಅನುಮತಿ ನೀಡಿದ ಠರಾವು ಅಥವಾ ಆದೇಶ, ಷರತ್ತುಗಳ ಪತ್ರ, ಈವರೆಗೆ ಜಮಾ ಆದ ಬಾಡಿಗೆಯ ಚಲನ್‌ಗಳು, ಇವುಗಳ ದೃಢೀಕೃತ ನಕಲನ್ನು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ವಾಸ್ತವವಾಗಿ, ಯಾರಿಗೆ ಯಾವ ಪರವಾನಗಿ, ರಿಯಾಯಿತಿ ಕೊಟ್ಟಿದ್ದೇವೆಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಆ ಕಾಯ್ದೆಯ 4(1)(ಬಿ) ಪ್ರಕರಣವೇ ಹೇಳುತ್ತದೆ. ನಾನು ಸೇವೆಯಲ್ಲಿದ್ದಾಗ ನಾವೂ ಪ್ರಕಟಿಸಿರಲಿಲ್ಲ.

ಉತ್ತರ 2
ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ಜಿಲ್ಲೆ

ಹಿರಿಯರು ಕಾಗದದ ಕಡೆಯಿಂದ ಹೇಳಿದ್ದಾರೆ, ನಾನು ನೆಲದ ಕಡೆಯಿಂದ ಹೇಳುತ್ತೇನೆ. ಎಷ್ಟು ಜಾಗಕ್ಕೆ ಎಷ್ಟು ಆಟ ಹಿಡಿಯುತ್ತದೆ ಎಂಬ ಲೆಕ್ಕವನ್ನು ನಮ್ಮ ಊರುಗಳಲ್ಲಿ ಯಾರೂ ಮಾಡುವುದಿಲ್ಲ, ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದು ಅಲ್ಲಿಯೇ.

ಎರಡು ಎಕರೆ ಎಂದರೆ ಸುಮಾರು 8,090 ಚದರ ಮೀಟರ್. ಎಂಟು ಪಥಗಳ 400 ಮೀಟರ್ ಓಟದ ಟ್ರ್ಯಾಕ್‌ಗೆ ಉದ್ದ 177 ಮೀಟರ್, ಅಗಲ 93 ಮೀಟರ್, ಅಂದರೆ ನಾಲ್ಕು ಎಕರೆಗೂ ಮೇಲೆ ಬೇಕು. ಪಿಚ್‌ನ ನಡುವಿನಿಂದ ಬೌಂಡರಿಗೆ ದೊಡ್ಡವರ ಪಂದ್ಯದಲ್ಲಿ ಕನಿಷ್ಠ 59 ಮೀಟರ್ ಇರಬೇಕಾದ್ದರಿಂದ ಪೂರ್ಣ ಕ್ರಿಕೆಟ್ ಮೈದಾನಕ್ಕೆ ಹನ್ನೊಂದು ಸಾವಿರ ಚದರ ಮೀಟರ್ ಬೇಕು. ಹೀಗಾಗಿ ತಮ್ಮ ಮೈದಾನದಲ್ಲಿ ಪೂರ್ಣ ಪ್ರಮಾಣದ ಕ್ರಿಕೆಟ್ ಪಂದ್ಯ ನಡೆಯುವುದಕ್ಕೇ ಆಗುವುದಿಲ್ಲ, ನೆಟ್ ಅಭ್ಯಾಸ ಮಾತ್ರ ಸಾಧ್ಯ. ಎರಡು ನೆಟ್ ಹಾಕಿ, ಬೌಲರ್ ಓಡಿಬರುವ ಜಾಗವನ್ನೂ ಸೇರಿಸಿದರೆ ನಲವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ ಧಾರಾಳವಾಗಿ ಸಾಕು. ಅದು ಮೈದಾನದ ಇಪ್ಪತ್ತರಲ್ಲಿ ಒಂದು ಪಾಲು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೂರು ಮೀಟರ್ ಬಿಟ್ಟರೂ 360 ಚದರ ಮೀಟರ್. ಕಬಡ್ಡಿಗೆ 13 ಮೀಟರ್‌ಗೆ 10 ಮೀಟರ್. ಇವೆಲ್ಲವನ್ನೂ ಇಟ್ಟ ಮೇಲೂ ಅರ್ಧಕ್ಕಿಂತ ಹೆಚ್ಚು ಬಯಲು ಖಾಲಿ ಉಳಿಯುತ್ತದೆ. ಇಪ್ಪತ್ತನೆಯ ಒಂದು ಪಾಲನ್ನು ಬಳಸುವವರು ಪೂರ್ತಿ ಗೇಟಿಗೆ ಬೀಗ ಹಾಕುವ ಅವಶ್ಯಕತೆಯಾದರೂ ಏನಿದೆ?

ಒಂದೇ ಒಂದು ಕಾರಣಕ್ಕೆ ಅವರ ಪರವಾಗಿ ಮಾತಾಡಬಹುದು. ಅದು ಸುರಕ್ಷತೆ. ಲೆದರ್ ಬಾಲ್ 155 ಗ್ರಾಂಗಿಂತ ಹೆಚ್ಚು ತೂಗುತ್ತದೆ, ನೆಟ್‌ನಿಂದ ಹೊರಗೆ ಹಾರಿದರೆ ನಡೆದಾಡುವ ಅಜ್ಜನ ತಲೆಗೆ ಅದು ಕಲ್ಲೇ. ಆದರೆ ಅದಕ್ಕೆ ಪರಿಹಾರ ಮೇಲುಬಲೆಯೂ ಸಹಿತ ಸರಿಯಾದ ನೆಟ್ ಕಟ್ಟುವುದು, ಜನರನ್ನು ಹೊರಗಿಡುವುದಲ್ಲ. ನಿಜಕ್ಕೂ ಪ್ರತ್ಯೇಕ ವೇಳೆ ಬೇಕಾಗುವುದು ಎಸೆತದ ಆಟಗಳಿಗೆ. ಗಂಡಸರ ಈಟಿ 800 ಗ್ರಾಂ ಇರುತ್ತದೆ. ಅದನ್ನು ಎಸೆಯುವ ಹೊತ್ತಿನಲ್ಲಿ ಬಯಲಿನಲ್ಲಿ ಬೇರೆ ಯಾರೂ ಇರಕೂಡದು, ನಮ್ಮ ಶಾಲೆಯಲ್ಲಿ ಅದಕ್ಕಾಗಿ ಬೆಳಗಿನ ಒಂದು ತಾಸನ್ನೇ ಬೇರೆ ಇಟ್ಟಿದ್ದೇವೆ.

ವೇಳಾಪಟ್ಟಿ ಎಂಬುದು ಬರೆಯುವವರು ಯಾರು ಎಂಬುದರ ಮೇಲೆ ನಿಂತಿರುತ್ತದೆ. ನಾನು ಕಂಡ ಮಟ್ಟಿಗೆ ಪಟ್ಟಿ ಹಾಕುವ ಸಭೆಗೆ ಬರುವವರು ಕ್ರಿಕೆಟ್ ಮತ್ತು ಷಟಲ್ ಆಡುವ ಗಂಡಸರು. ಹೆಣ್ಣುಮಕ್ಕಳು ಸಭೆಗೆ ಬರುವುದಿಲ್ಲ, ಅವರ ತಾಯಂದಿರಿಗೆ ಆ ಹೊತ್ತಿನಲ್ಲಿ ಮನೆಯಲ್ಲಿ ಕೆಲಸ. ಉಳಿದ ಹೊತ್ತನ್ನು ಅವರಿಗೆಂದು ಬರೆದು ಮುಗಿಸುತ್ತಾರೆ. ಕಡೂರಿನಿಂದ ಬಂದ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದಾಗ ಬ್ಯಾನರ್ ಕಟ್ಟಿದವರು ನಮ್ಮ ಜಿಲ್ಲೆಗಳಲ್ಲೂ ಇದ್ದರು. ತಮ್ಮ ಬಡಾವಣೆಯ ಹುಡುಗಿಗೆ ಒಂದು ತಾಸು ಮೈದಾನ ಬಿಟ್ಟುಕೊಡಿ ಎಂದರೆ ಅವರೇ ಗಡಿಯಾರ ನೋಡುತ್ತಾರೆ. ತಾವು ಆ ವಾಲಿಬಾಲ್ ಆಡುತ್ತಿದ್ದ ಮಕ್ಕಳ ಹೆಸರು, ಸಂಖ್ಯೆ ಬರೆದಿಟ್ಟುಕೊಂಡು ಅರ್ಜಿಗೆ ಅವರಿಂದಲೇ ಸಹಿ ಹಾಕಿಸಿ.

ತರಬೇತುದಾರರ ಅರ್ಹತೆಯ ಬಗ್ಗೆ ಕೇಳಿದ್ದೀರಿ. ವೈದ್ಯರಿಗೆ, ವಕೀಲರಿಗೆ ಇರುವಂತೆ ಆಟ ಕಲಿಸುವವರಿಗೆ ಊರಿನ ಮಟ್ಟದ ಪರವಾನಗಿ ಪದ್ಧತಿ ಇಲ್ಲ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಆರು ವಾರಗಳ ಪ್ರಮಾಣಪತ್ರ, ಆಯಾ ಕ್ರೀಡಾ ಸಂಸ್ಥೆಗಳ ಹಂತ ಹಂತದ ಕೋಚಿಂಗ್ ಪ್ರಮಾಣಪತ್ರಗಳು ಇವೆ, ಆದರೆ ಅವು ಇಲ್ಲದೆಯೂ ಯಾರು ಬೇಕಾದರೂ ಸೀಟಿ ಊದಬಹುದು. ಆದ್ದರಿಂದಲೇ ಜಾಗ ಕೊಡುವವರು ಷರತ್ತು ಹಾಕಬೇಕು. ಕಲಿಸುವ ಪ್ರತಿಯೊಬ್ಬರ ಪ್ರಮಾಣಪತ್ರದ ನಕಲು, ಪೊಲೀಸ್ ಪರಿಶೀಲನೆಯ ವರದಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳ ಹಾಜರಿ ಪುಸ್ತಕ, ಹೆಣ್ಣುಮಕ್ಕಳ ತಂಡವಿದ್ದರೆ ಒಬ್ಬ ಮಹಿಳೆಯ ಉಪಸ್ಥಿತಿ. ಇಷ್ಟನ್ನು ಬರೆಸಿಕೊಳ್ಳಲು ಯಾವ ಹೊಸ ಕಾನೂನೂ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಎಲ್ಲರ ಕರ್ತವ್ಯ, ತಿಳಿಸದಿರುವುದೇ ಅಪರಾಧ. ಸಂಸ್ಥೆ ನಡೆಸುವವರಿಗೆ ಈ ಹೊಣೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮೈದಾನದ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಮತ್ತೊಂದು ವಿಷಯ, ಪ್ರಶ್ನೆಯಲ್ಲಿ ಇಲ್ಲದಿದ್ದರೂ ಹೇಳಿಬಿಡುತ್ತೇನೆ. ಮೈದಾನಗಳನ್ನು ಆಟಗಾರರಿಗಿಂತ ಹೆಚ್ಚಾಗಿ ಹಾಳು ಮಾಡುವುದು ವಸ್ತುಪ್ರದರ್ಶನ, ಸಭೆ, ಸಮಾರಂಭಗಳು. ಪೆಂಡಾಲಿನ ಕಂಬಕ್ಕೆ ತೋಡಿದ ಗುಂಡಿಯನ್ನು ಯಾರೂ ಮುಚ್ಚುವುದಿಲ್ಲ, ಮೊಳೆಗಳನ್ನು ಯಾರೂ ಆರಿಸುವುದಿಲ್ಲ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ನೆನೆದು ಹಿಟ್ಟಾಗಿರುವಾಗ ಒಂದು ಲಾರಿ ಒಳಗೆ ಬಂದರೆ ಆ ಚಕ್ರದ ಗೀರು ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಓಡುವ ಮಗುವಿನ ಕಾಲು ಅಲ್ಲಿಯೇ ಉಳುಕುತ್ತದೆ. ಭದ್ರತಾ ಠೇವಣಿ ಇಟ್ಟುಕೊಳ್ಳುವ ಪದ್ಧತಿ ಇರುವುದೇ ಇದಕ್ಕೆ. ಅದನ್ನು ಮುಟ್ಟುಗೋಲು ಹಾಕಿಕೊಂಡದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ಉತ್ತರ 3
ತರಬೇತಿ ನಡೆಸುವವನು, ಮಲೆನಾಡಿನ ಮತ್ತೊಂದು ಊರು

ಮಾನ್ಯರೇ, ಪ್ರಶ್ನೆಯಲ್ಲಿ ಬಂದ ಕೇಂದ್ರ ನನ್ನದಲ್ಲ, ಆದರೆ ಅದೇ ಕೆಲಸ ಮಾಡುವವನಾದ್ದರಿಂದ ಈ ಕಡೆಯ ಮಾತೂ ದಾಖಲಾಗಲಿ.

ನಾನು ಬರುವ ಮುನ್ನ ನಮ್ಮ ಊರಿನ ಮೈದಾನದಲ್ಲಿ ಆಳೆತ್ತರ ಲಂಟಾನ ಬೆಳೆದಿತ್ತು, ರಾತ್ರಿ ಕುಡಿಯುವವರು ಒಡೆದ ಬಾಟಲಿಗಳನ್ನು ಆರಿಸಲು ನಮಗೆ ಎರಡು ಭಾನುವಾರ ಹಿಡಿಯಿತು. ಮ್ಯಾಟ್, ನೆಟ್, ರೋಲರ್, ನೀರಿನ ತೊಟ್ಟಿ ಎಲ್ಲವೂ ನನ್ನ ಸಾಲದ ಹಣ. ಗೇಟಿಗೆ ಬೀಗ ಹಾಕಿದ್ದು ಮ್ಯಾಟ್ ಕಳುವಾದ ಮೇಲೆ. ಬೀಗ ತಪ್ಪು ಎಂದು ನಿವೃತ್ತ ಹಿರಿಯರು ಬರೆದದ್ದನ್ನು ಓದಿದ ಮೇಲೆ ಒಪ್ಪುತ್ತೇನೆ. ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿದರೆ ಸಾಕಿತ್ತು. ಆದರೆ ನಾವು ಮೈದಾನವನ್ನು ಕಬಳಿಸಲು ಬಂದವರೆಂಬ ಧ್ವನಿಯನ್ನು ಒಪ್ಪಲಾರೆ.

ಲಿಖಿತ ಅನುಮತಿ ಬೇಕೆಂದು ನಾನೂ ಕೇಳಿದ್ದೆ. ಅರ್ಜಿಗೆ ಒಂದು ನಿಗದಿತ ನಮೂನೆಯೇ ಇರಲಿಲ್ಲ. ಎಷ್ಟು ಬಾಡಿಗೆ ಎಂಬ ದರಪಟ್ಟಿಯೂ ಇರಲಿಲ್ಲ. ‘ಸದ್ಯಕ್ಕೆ ನಡೆಸಿಕೊಳ್ಳಿ’ ಎಂದರು. ಈ ‘ಸದ್ಯಕ್ಕೆ’ ಎಂಬ ಪದ ಕೇಳಲು ಹಿತವಾಗಿರುತ್ತದೆ, ಆದರೆ ಅದರ ಬೆಲೆಯನ್ನು ಆಮೇಲೆ ಕೊಡಬೇಕಾಗುತ್ತದೆ. ಮುಖಂಡರೊಬ್ಬರ ಹೆಸರಿನ ಟೂರ್ನಮೆಂಟಿಗೆ ವಾರಗಟ್ಟಲೆ ಜಾಗ ಬಿಡಬೇಕು, ಅದಕ್ಕೆ ಚೆಂಡು, ಟ್ರೋಫಿಯ ಖರ್ಚೂ ನಮ್ಮ ತಲೆಗೇ ಬರುತ್ತದೆ, ಬೇಡವೆನ್ನುವಂತಿಲ್ಲ, ಏಕೆಂದರೆ ಕೈಯಲ್ಲಿ ಕಾಗದವಿಲ್ಲ. ಕಾಗದವಿಲ್ಲದಿರುವುದರಿಂದ ನಷ್ಟ ಬಡಾವಣೆಯವರಿಗೆ ಎಷ್ಟೋ ನಮಗೂ ಅಷ್ಟೇ.

ಒಂದು ವರ್ಷದ ಅವಧಿಗೆ, ದಿನಕ್ಕೆ ಇಷ್ಟು ಗಂಟೆ, ಮೈದಾನದ ಇಷ್ಟು ಭಾಗ ಎಂದು ಬರೆದುಕೊಟ್ಟು ಬಾಡಿಗೆ ಕಟ್ಟಿಸಿಕೊಂಡರೆ ನಾನು ಸಂತೋಷದಿಂದ ಕಟ್ಟುತ್ತೇನೆ. ಬಾಡಿಗೆಯ ಒಂದು ಭಾಗಕ್ಕೆ ಬದಲಾಗಿ ಸರ್ಕಾರಿ ಶಾಲೆಯ ಇಷ್ಟು ಮಕ್ಕಳಿಗೆ ಉಚಿತವಾಗಿ ಕಲಿಸಬೇಕೆಂಬ ಷರತ್ತು ಹಾಕಿದರೂ ಆಗಬಹುದು. ಮಹಿಳಾ ಸಹಾಯಕರ ಷರತ್ತು ಸಣ್ಣ ಊರಿನಲ್ಲಿ ಕಷ್ಟ, ಸಿಗುವುದಿಲ್ಲ. ತಾಯಂದಿರಲ್ಲಿ ಒಬ್ಬರು ಸರದಿಯಂತೆ ಕುಳಿತುಕೊಳ್ಳುವ ಏರ್ಪಾಡನ್ನು ನಾವು ಮಾಡಿಕೊಂಡಿದ್ದೇವೆ.

ಉತ್ತರ 4
ವಕೀಲ, ಚಿಕ್ಕಮಗಳೂರು

ಎರಡು ವಿಷಯಗಳನ್ನಷ್ಟೇ ಸೇರಿಸುತ್ತೇನೆ. ಬಡಾವಣೆಯ ನಕ್ಷೆಯಲ್ಲಿ ‘ನಾಗರಿಕ ಸೌಲಭ್ಯ ನಿವೇಶನ’ ಬೇರೆ, ‘ಆಟದ ಮೈದಾನ’ ಬೇರೆ. ಮೊದಲನೆಯದನ್ನು ಶಾಲೆ, ಆಸ್ಪತ್ರೆ, ಸಂಘಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ಕ್ರಮವಿದೆ. ಎರಡನೆಯದನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡುವಂತಿಲ್ಲ. ಎಷ್ಟೋ ದೂರುಗಳು ಬಿದ್ದುಹೋಗುವುದು ಅರ್ಜಿದಾರರು ಇವೆರಡನ್ನು ಬೆರೆಸಿಬಿಡುವುದರಿಂದ. ಆದ್ದರಿಂದ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ಪ್ರಾಧಿಕಾರದಿಂದ ಮೊದಲು ಪಡೆಯಿರಿ. 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಜಾಗಗಳ ಪಟ್ಟಿ ಮಾಡಬೇಕೆಂಬ ಉಪಬಂಧವಿದೆ. ತಮ್ಮ ಮೈದಾನ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಿ.

ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಅಂಥ ಜಾಗದ ವಿಷಯದಲ್ಲಿ ನ್ಯಾಯಾಲಯಕ್ಕೆ ಬರುವ ಹಕ್ಕು ಬಡಾವಣೆಯ ಸಾಮಾನ್ಯ ನಿವಾಸಿಗೂ ಇದೆ ಎಂಬುದು ಅದರಲ್ಲಿ ತಮಗೆ ಬೇಕಾದ ಭಾಗ. ಆದರೆ ಅಲ್ಲಿ ಜಾಗದ ಉದ್ದೇಶವೇ ಬದಲಾಗಿತ್ತು. ಇಲ್ಲಿ ಮೈದಾನದಲ್ಲಿ ಆಟವೇ ನಡೆಯುತ್ತಿದೆ, ವಿವಾದ ಇರುವುದು ಯಾರ ಆಟ ಎಂಬುದರಲ್ಲಿ. ಈ ವ್ಯತ್ಯಾಸವನ್ನು ಎದುರು ಪಕ್ಷದವರು ಮೊದಲ ದಿನವೇ ಎತ್ತುತ್ತಾರೆ. ನೇರವಾಗಿ ನ್ಯಾಯಾಲಯಕ್ಕೆ ಹೋಗುವ ಪ್ರಕರಣ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಪೌರಾಯುಕ್ತರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ, ಎರಡು ತಿಂಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈವರೆಗೆ ನಡೆದದ್ದನ್ನು ತಿಳಿಸುತ್ತೇನೆ.

ನಕ್ಷೆಯ ಪ್ರತಿ ಸಿಕ್ಕಿತು. ಅದರಲ್ಲಿ ಜಾಗವು ಆಟದ ಮೈದಾನವೆಂದೇ ಇದೆ, ವಿಸ್ತೀರ್ಣ 1 ಎಕರೆ 34 ಗುಂಟೆ. ಮಾಹಿತಿ ಹಕ್ಕಿನ ಅರ್ಜಿಗೆ ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು. ಕಡತದಲ್ಲಿ ಇದ್ದದ್ದು ಕೇಂದ್ರದವರ ಒಂದು ಪುಟದ ಅರ್ಜಿ ಮತ್ತು ಅದರ ಅಂಚಿನಲ್ಲಿ ‘ಪರಿಶೀಲಿಸಿ ಮಂಡಿಸಿ’ ಎಂಬ ಟಿಪ್ಪಣಿ ಮಾತ್ರ. ಯಾರೂ ಪರಿಶೀಲಿಸಿಲ್ಲ, ಎಲ್ಲಿಯೂ ಮಂಡಿಸಿಲ್ಲ. ಠರಾವು ಇಲ್ಲ, ಚಲನ್ ಇಲ್ಲ.

ಆ ನಕಲನ್ನು ಹಿಡಿದು ನಾನು ದೂರು ಕೊಡಲು ಹೋಗಲಿಲ್ಲ, ಕೇಂದ್ರದವರ ಬಳಿಗೇ ಹೋದೆ. ತರಬೇತಿ ನಡೆಸುವವರು ಇಲ್ಲಿ ಬರೆದ ಉತ್ತರವನ್ನು ಓದದಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಅವರಿಗೂ ತಮ್ಮ ಅರ್ಜಿ ಅಂಚಿನ ಟಿಪ್ಪಣಿಯಲ್ಲೇ ನಿಂತಿದೆ ಎಂಬುದು ಗೊತ್ತಿರಲಿಲ್ಲ, ಮುಖ ಸಪ್ಪಗಾಯಿತು. ಮರುದಿನವೇ ಗೇಟಿನ ಬೀಗ ತೆಗೆದರು. ಈಗ ನಿವಾಸಿಗಳ ಸಂಘ ಮತ್ತು ಕೇಂದ್ರದವರು ಸೇರಿ ಪೌರಾಯುಕ್ತರಿಗೆ ಜಂಟಿ ಮನವಿ ಸಿದ್ಧಪಡಿಸಿದ್ದೇವೆ: ಪೂರ್ವದ ಅಂಚಿನಲ್ಲಿ ನೆಟ್‌ಗೆ ಜಾಗ ಗುರುತಿಸುವುದು, ತಗಡಿನ ಕೊಠಡಿ ತೆಗೆದು ಪೆಟ್ಟಿಗೆ ಇಡುವುದು, ಬಾಡಿಗೆ ನಿಗದಿಪಡಿಸುವುದು, ವೇಳಾಪಟ್ಟಿಯ ಫಲಕ ಹಾಕುವುದು, ತರಬೇತುದಾರರ ದಾಖಲೆಗಳನ್ನು ಕಚೇರಿಗೆ ಸಲ್ಲಿಸುವುದು. ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸುವಂತೆ ಕೋರಲಿದ್ದೇವೆ.

ವೇಳಾಪಟ್ಟಿಯ ಕರಡಿನಲ್ಲಿ ನಾಲ್ಕರಿಂದ ಆರರವರೆಗೆ ಕ್ರಿಕೆಟ್ ಮತ್ತು ಸಣ್ಣ ಮಕ್ಕಳ ಆಟ, ಆರರಿಂದ ಏಳರವರೆಗೆ ಹೆಣ್ಣುಮಕ್ಕಳ ವಾಲಿಬಾಲ್ ಎಂದು ಬರೆದಿದ್ದೇವೆ. ಶಿಕ್ಷಕಿಯವರು ಒಮ್ಮೆ ನೋಡಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 5
ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ಜಿಲ್ಲೆ

ಮನವಿ ಚೆನ್ನಾಗಿದೆ, ವೇಳಾಪಟ್ಟಿ ಮಾತ್ರ ನಾನು ಹೆದರಿದಂತೆಯೇ ಇದೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ತಮ್ಮ ಮೈದಾನದಲ್ಲಿ ದೀಪದ ಕಂಬ ಇರುವ ಮಾತನ್ನು ತಾವು ಎಲ್ಲಿಯೂ ಬರೆದಿಲ್ಲ. ಕತ್ತಲೆಯಲ್ಲಿ ಚೆಂಡೂ ಕಾಣದು, ಯಾವ ತಾಯಿಯೂ ಮಗಳನ್ನು ಕಳುಹಿಸಲಾರಳು. ವಾಲಿಬಾಲ್ ಅಂಕಣ ನೆಟ್‌ನಿಂದ ದೂರವಿರುವುದರಿಂದ ಎರಡೂ ಒಂದೇ ಹೊತ್ತಿನಲ್ಲಿ ನಡೆಯಬಹುದು. ನಾಲ್ಕೂವರೆಯಿಂದ ಐದೂಮುಕ್ಕಾಲರವರೆಗೆ ಎಂದು ತಿದ್ದಿ, ಅಂಕಣವನ್ನು ಗೇಟಿಗೆ ಹತ್ತಿರದ ಬದಿಯಲ್ಲಿ ಗುರುತಿಸಿ.

ಪ್ರಶ್ನೆ ಕೇಳಿದವರಿಂದ

ತಿದ್ದಿದ್ದೇವೆ. ಕರಡು ಬರೆದ ಆರು ಜನರೂ ಗಂಡಸರೇ ಆಗಿದ್ದೆವು ಎಂಬುದು ತಮ್ಮ ಉತ್ತರ ಓದಿದ ಮೇಲೆ ಗಮನಕ್ಕೆ ಬಂತು. ಮನವಿಗೆ ಈಗ ಹದಿನಾಲ್ಕು ಹೆಣ್ಣುಮಕ್ಕಳ ಸಹಿಯೂ ಆಗಿದೆ, ಸೋಮವಾರ ಸಲ್ಲಿಸುತ್ತೇವೆ.